ವಿಮಾನ ಹಾರಿಸುವ ಮೊದಲು ಯಾವ ಕೆಲಸ? ಪೈಲಟ್ ಆಗಬಯಸುವವರಿಗೆ ಒಂದು ಹೋಲಿಕೆ

ಇಬ್ಬರು ಹುಡುಗರ ವಿಷಯದಿಂದ ಶುರು ಮಾಡುತ್ತೇನೆ. ನನ್ನ ಭಾನುವಾರದ ತರಗತಿಗೆ ಸೇರಿದಾಗ ಇಬ್ಬರಿಗೂ 23 ವರ್ಷ, ಇಬ್ಬರಿಗೂ ಪೈಲಟ್ ಆಗಲೇಬೇಕೆಂಬ ಹಟ. ಒಬ್ಬ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ರ‍್ಯಾಂಪ್ ಕೆಲಸ ಮಾಡುತ್ತಿದ್ದ. ವಿಮಾನ ಬಂದು ನಿಂತೊಡನೆ ಚಕ್ರಕ್ಕೆ ಅಡೆ ಕೊಡುವುದು, ಸಾಮಾನು ಇಳಿಸುವ ಬೆಲ್ಟ್ ಹಚ್ಚುವುದು ಅವನ ಪಾಲಿನ ಕೆಲಸ. ಇನ್ನೊಬ್ಬ ತುಮಕೂರಿನ ಬ್ಯಾಂಕೊಂದರಲ್ಲಿ ಗುಮಾಸ್ತ, ಬೆಳಗಿನ ರೈಲು ಹಿಡಿದು ಪಾಠಕ್ಕೆ ಬರುತ್ತಿದ್ದ. ವಿಮಾನದಲ್ಲಿ ಅವನು ಅದುವರೆಗೆ ಒಂದೇ ಸಲ ಕೂತಿದ್ದ. ನಾಲ್ಕು ವರ್ಷದ ಮೇಲೆ ಬ್ಯಾಂಕಿನವನ ಕೈಯಲ್ಲಿ ಸಿಪಿಎಲ್, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್, ಇತ್ತು. ರ‍್ಯಾಂಪಿನವನಿಗೆ ಇನ್ನೂ ಪರೀಕ್ಷೆಯ ಎರಡು ಪತ್ರಿಕೆ ಬಾಕಿ ಇದ್ದವು.

ಬುದ್ಧಿಯಲ್ಲಿ ರ‍್ಯಾಂಪಿನವನೇ ಒಂದು ಕೈ ಮೇಲೆ. ಅಡ್ಡಗಾಳಿ ಬೀಸುವಾಗ ವಿಮಾನದ ಮೂತಿಯನ್ನು ಎಷ್ಟು ಡಿಗ್ರಿ ತಿರುಗಿಸಬೇಕು ಎಂಬ ಲೆಕ್ಕ ಕೊಟ್ಟರೆ ತರಗತಿಯಲ್ಲಿ ಮೊದಲು ಕೈ ಎತ್ತುತ್ತಿದ್ದವನು ಅವನು. ಅವನನ್ನು ಹಿಂದಕ್ಕೆ ಎಳೆದದ್ದು ವಾರಕ್ಕೊಮ್ಮೆ ಬದಲಾಗುವ ಶಿಫ್ಟು ಮತ್ತು ತಿಂಗಳ ಕೊನೆಗೆ ಏನೂ ಉಳಿಸದ ಸಂಬಳ.

ತರಬೇತಿಗೆ ಮೊದಲು ಕೆಲವು ವರ್ಷ ದುಡಿಯಲೇಬೇಕಾದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆಲ್ಲ ಬಂಧುಬಳಗ ಕೊಡುವ ಸಲಹೆ ಒಂದೇ: “ಏರ್‌ಪೋರ್ಟ್‌ನಲ್ಲಿ ಏನಾದರೂ ಕೆಲಸ ಹಿಡಿ, ಒಳಗೆ ಹೋದರೆ ಮೇಲೆ ಹೋಗಬಹುದು.” ಆರು ವರ್ಷ ವಿಮಾನದ ತೂಕದ ಲೆಕ್ಕ ನೋಡುವ ಲೋಡ್ ಕಂಟ್ರೋಲ್ ವಿಭಾಗದಲ್ಲಿ ದುಡಿದು, ಆಮೇಲೆ ನ್ಯಾವಿಗೇಶನ್ ಮತ್ತು ಹವಾಮಾನಶಾಸ್ತ್ರದ ಪಾಠ ಹೇಳಲು ಬಂದ ನಾನು ಈ ಸಲಹೆಯನ್ನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಸಾರಿಗೆ ಸಂಸ್ಥೆಯ ನಿರ್ವಾಹಕರು ಹಿರಿತನದ ಮೇಲೆ ಸಂಚಾರ ನಿಯಂತ್ರಕರಾಗುವ ಹಾಗೆ, ರ‍್ಯಾಂಪಿನಿಂದ ಕಾಕ್‌ಪಿಟ್‌ಗೆ ಬಡ್ತಿ ಇಲ್ಲ. ವಿಮಾನದ ನೆರಳಲ್ಲೇ ಹತ್ತು ವರ್ಷ ನಿಂತವರಿಗೂ, ಬೀದರಿನ ಹಳ್ಳಿಯಲ್ಲಿ ಕೂತು ಆಕಾಶ ನೋಡಿದವರಿಗೂ ಪರೀಕ್ಷೆ ಒಂದೇ, ಹಾರಬೇಕಾದ ಗಂಟೆ ಒಂದೇ.

ಏನನ್ನು ಅಳೆಯಬೇಕು

ಮೊದಲು ಮುಂದಿರುವ ದಾರಿ ಎಷ್ಟು ಉದ್ದ ಎಂದು ನೋಡೋಣ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ ಕನಿಷ್ಠ 18 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ವಾಣಿಜ್ಯ ಅಥವಾ ಕಲೆ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳನ್ನು ಬರೆದು ಬಂದದ್ದುಂಟು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ನಡೆಸುವ ಪತ್ರಿಕೆಗಳಲ್ಲಿ ನೂರಕ್ಕೆ 70 ಬಂದರೆ ಪಾಸು: ನ್ಯಾವಿಗೇಶನ್, ಹವಾಮಾನಶಾಸ್ತ್ರ, ವಾಯುನಿಯಮಗಳು, ತಾಂತ್ರಿಕ ವಿಷಯಗಳು. ರೇಡಿಯೊದಲ್ಲಿ ಮಾತಾಡಲು ಆರ್‌ಟಿಆರ್ ಎಂಬ ಪರೀಕ್ಷೆ ಬೇರೆ. ಹಾರಾಟ ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ನಿಮ್ಮದಾಗಿರಬೇಕು.

ಇಲ್ಲೊಂದು ನಿಯಮವನ್ನು ದುಡಿಯುವವರು ಮರೆಯುತ್ತಾರೆ. ಆ 200 ಗಂಟೆ ಅರ್ಜಿ ಹಾಕುವ ದಿನಕ್ಕಿಂತ ಹಿಂದಿನ ಐದು ವರ್ಷದೊಳಗೆ ಆಗಿರಬೇಕು. ತಿಂಗಳಿಗೆ ಎರಡು ಗಂಟೆಯಂತೆ ಸಂಬಳ ಬಂದಾಗಲೆಲ್ಲ ಹಾರುತ್ತೇನೆ ಎಂದುಕೊಂಡರೆ ಐದು ವರ್ಷಕ್ಕೆ 120 ಗಂಟೆ. ಆರನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ಹೊಸ ಗಂಟೆ ಸೇರುತ್ತಾ ಹೋದಂತೆ ಹಳೆಯ ಗಂಟೆ ಲೆಕ್ಕದಿಂದ ಜಾರುತ್ತಾ ಹೋಗುತ್ತದೆ. ಹಾಗಾಗಿ ದುಡಿಯುತ್ತಾ ಓದಬಹುದು, ಪರೀಕ್ಷೆ ಬರೆಯಬಹುದು. ಹಾರಾಟಕ್ಕೆ ಮಾತ್ರ ಕೆಲಸ ಬಿಟ್ಟು ಒಂದೂವರೆ ಎರಡು ವರ್ಷ ಪೂರ್ತಿ ಕೊಡಬೇಕು.

ದುಡ್ಡಿನ ಲೆಕ್ಕವನ್ನು ನಾನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ತರಬೇತಿಗೆ ಸಾಮಾನ್ಯವಾಗಿ 40ರಿಂದ 60 ಲಕ್ಷ ಬೀಳುತ್ತದೆ. ಏರ್‌ಬಸ್ ಅಥವಾ ಬೋಯಿಂಗ್ ಓಡಿಸಲು ಬೇಕಾದ ಟೈಪ್ ರೇಟಿಂಗ್ ಇದರ ಮೇಲೆ. 50 ಲಕ್ಷವನ್ನು ಪೂರ್ತಿ ಸಾಲ ಮಾಡಿದಿರಿ ಎನ್ನಿ. ಶೇಕಡಾ 11ರ ಬಡ್ಡಿ, ಹತ್ತು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 69 ಸಾವಿರ ರೂಪಾಯಿ. ಲೈಸೆನ್ಸ್ ಬಂದ ಮೇಲೂ ಕೆಲಸಕ್ಕೆ ವರ್ಷಗಟ್ಟಲೆ ಕಾದವರನ್ನು ನಾನು ಕಂಡಿದ್ದೇನೆ. ಆ ಕಾಯುವ ದಿನಗಳಲ್ಲಿ ಈ ಕಂತು ತಂದೆತಾಯಿಯ ಹೆಗಲಿಗೆ ಬೀಳುತ್ತದೆ, ಅಡಮಾನಕ್ಕೆ ಇಟ್ಟದ್ದು ಹೊಲವೋ ಮನೆಯೋ ಆಗಿರುತ್ತದೆ. ಅದೇ, ನೀವು 30 ಲಕ್ಷ ಕೂಡಿಹಾಕಿ ಬರೀ 20 ಲಕ್ಷ ಸಾಲ ಮಾಡಿದರೆ ಕಂತು 27 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಒಂದು ಸಾಧಾರಣ ಕೆಲಸದ ಸಂಬಳದಲ್ಲಿ ಅದನ್ನು ಕಟ್ಟಬಹುದು, ಕಾಯುವ ದಿನಗಳಲ್ಲಿ ಮರ್ಯಾದೆಯಿಂದ ಬದುಕಬಹುದು.

ಆದ್ದರಿಂದ ಯಾವುದೇ ಕೆಲಸವನ್ನು ನಾನು ಅಳೆಯುವುದು ಹೀಗೆ: ತಿಂಗಳಿಗೆ ಎಷ್ಟು ಉಳಿಯುತ್ತದೆ, ವಾರಕ್ಕೆ ಎಷ್ಟು ಗಂಟೆ ಓದಲು ಸಿಗುತ್ತದೆ, ದೇಹವನ್ನು ಏನು ಮಾಡುತ್ತದೆ, ಯಾವ ಅಭ್ಯಾಸ ಕಲಿಸುತ್ತದೆ. ವಿಮಾನಕ್ಕೆ ಎಷ್ಟು ಹತ್ತಿರ ಎಂಬುದನ್ನು ಕೇಳುವುದು ಎಲ್ಲಕ್ಕಿಂತ ಕೊನೆಗೆ.

ಗ್ರೌಂಡ್ ಸ್ಟಾಫ್ ಮತ್ತು ಕ್ಯಾಬಿನ್ ಕ್ರೂ

ನನ್ನದೇ ಕೆಲಸವಾಗಿದ್ದರಿಂದ ಗ್ರೌಂಡ್ ಸ್ಟಾಫ್ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ. ಚೆಕ್‌-ಇನ್ ಕೌಂಟರ್, ಬೋರ್ಡಿಂಗ್ ಗೇಟ್, ರ‍್ಯಾಂಪ್, ಲೋಡ್ ಕಂಟ್ರೋಲ್ ಇವೆಲ್ಲ ಹೊರಗಿನವರಿಗೆ ಒಂದೇ, ಒಳಗೆ ಅಜಗಜಾಂತರ. ಕೌಂಟರಿನಲ್ಲಿ ನಿಂತವರು ಪ್ರಯಾಣಿಕರ ಸಿಟ್ಟು ತಡೆದುಕೊಳ್ಳುವುದನ್ನು ಕಲಿಯುತ್ತಾರೆ, ಹಾರಾಟದ ವಿಷಯ ಹೆಚ್ಚೇನೂ ಕಲಿಯುವುದಿಲ್ಲ. ಲೋಡ್ ಕಂಟ್ರೋಲ್ ಹಾಗಲ್ಲ. ವಿಮಾನದ ತೂಕ ಎಷ್ಟು ಎಂಬುದರ ಜೊತೆಗೆ ಆ ತೂಕ ಎಲ್ಲಿ ಕೂತಿದೆ ಎಂಬುದೂ ಮುಖ್ಯ ಎನ್ನುವುದು ಅಲ್ಲಿ ದಿನವೂ ಕಣ್ಣಿಗೆ ಕಟ್ಟುತ್ತದೆ.

ಒಂದು ರಾತ್ರಿ ನಾನು ವಿಮಾನದ ಹಿಂದಿನ ಸಾಮಾನು ಗೂಡಿಗೆ ಹೋಗಬೇಕಾದ ಬ್ಯಾಗುಗಳ ಸಂಖ್ಯೆಯನ್ನು ಲೋಡ್ ಶೀಟಿನಲ್ಲಿ ಮುಂದಿನ ಗೂಡಿನ ಸಾಲಿಗೆ ಬರೆದುಬಿಟ್ಟೆ. ಒಟ್ಟು ತೂಕ ಸರಿಯಾಗಿಯೇ ಇತ್ತು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕಾಗದ ಕ್ಯಾಪ್ಟನ್ ಕೈ ಸೇರಿ, ಬಾಗಿಲು ಹಾಕುವ ಹೊತ್ತು. ರ‍್ಯಾಂಪಿನ ಮೇಲೆ ನಿಂತು ನನ್ನ ಪ್ರತಿಯನ್ನು ಟಾರ್ಚ್ ಬೆಳಕಿನಲ್ಲಿ ಇನ್ನೊಮ್ಮೆ ನೋಡಿದಾಗ ಎದೆ ಧಸಕ್ಕೆಂದಿತು. ಓಡಿ ಮೆಟ್ಟಿಲು ಹತ್ತಿ ಹೇಳಿದೆ. ಕ್ಯಾಪ್ಟನ್ ಒಂದು ಮಾತೂ ಬೈಯದೆ ಹಾಳೆ ಹಿಂದಕ್ಕೆ ಕೊಟ್ಟು, “ಹೊಸದು ಮಾಡಿ, ಕಾಯುತ್ತೇನೆ” ಎಂದರು. ಏಳು ನಿಮಿಷ ತಡವಾಯಿತು. ಮರುದಿನ ಕಚೇರಿಯಲ್ಲಿ ಆ ಏಳು ನಿಮಿಷಕ್ಕೆ ಉತ್ತರ ಕೊಡಬೇಕಾಗಿ ಬಂತು. ಆದರೆ ತೂಕ ಮತ್ತು ಸಮತೋಲದ ಪಾಠ ಮಾಡುವಾಗ ಇವತ್ತಿಗೂ ನಾನು ಆ ಹಾಳೆಯಿಂದಲೇ ಶುರು ಮಾಡುತ್ತೇನೆ. ತನ್ನ ತಪ್ಪನ್ನು ತಾನೇ, ತಕ್ಷಣ, ದೊಡ್ಡ ದನಿಯಲ್ಲಿ ಹೇಳುವ ಅಭ್ಯಾಸ ಈ ವೃತ್ತಿಗೆ ಬೇಕೇ ಬೇಕು, ಅದನ್ನು ರ‍್ಯಾಂಪು ಕಲಿಸುತ್ತದೆ.

ಉಳಿದದ್ದನ್ನೂ ಹೇಳಬೇಕಲ್ಲ. ಹೊಸಬರ ಸಂಬಳದಲ್ಲಿ ಬಾಡಿಗೆ, ಊಟ, ಊರಿಗೆ ಕಳಿಸುವುದು ಕಳೆದರೆ ತಿಂಗಳಿಗೆ ಐದು ಸಾವಿರ ಉಳಿಸಿದವರು ಜಾಣರು. ಆ ವೇಗದಲ್ಲಿ 30 ಲಕ್ಷಕ್ಕೆ 50 ವರ್ಷ ಬೇಕು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಪುಸ್ತಕ ಹಿಡಿದವರಿಗೆ ನಿದ್ದೆಯೇ ಮೊದಲು ಬರುತ್ತದೆ. ನಿಮಗೆ ಮನೆಯಿಂದ ಹಣದ ಆಸರೆ ಇದ್ದು, ಈ ಬದುಕು ನಿಮಗೆ ಒಗ್ಗುತ್ತದೆಯೇ ಎಂದು ನೋಡಬೇಕಿದ್ದರೆ ಒಂದು ವರ್ಷ ಮಾಡಿ. ಆದರೆ ಹಣ ಕೂಡಿಹಾಕಲು ಇದನ್ನು ಆರಿಸಿಕೊಳ್ಳಬೇಡಿ.

ಕ್ಯಾಬಿನ್ ಕ್ರೂ ಕೆಲಸಕ್ಕೆ ನಾನು ಇದಕ್ಕಿಂತ ಹೆಚ್ಚು ಅಂಕ ಕೊಡುತ್ತೇನೆ. ಸಂಬಳ ಮೇಲು, ರಜೆಯ ದಿನಗಳು ರೋಸ್ಟರ್‌ನಲ್ಲಿ ಮೊದಲೇ ತಿಳಿಯುತ್ತವೆ, ಓದಿಗೆ ಹೊಂದಿಸಿಕೊಳ್ಳಬಹುದು. ಗಗನಸಖಿ ಎಂದರೆ ಊಟ ಬಡಿಸುವವರು ಎಂಬ ಮಾತು ನನಗೆ ನೋವು ಕೊಡುತ್ತದೆ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಹಾರಾಟದ ಒಪ್ಪಿಗೆ ಸಿಗಬೇಕಾದರೆ ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಬಹುದೆಂದು ತೋರಿಸಬೇಕು. ನಿಜವಾದ ಆಪತ್ತಿನಲ್ಲಿ ಅದನ್ನು ಮಾಡಿಸುವವರು ಇವರೇ. ಹೊಗೆ, ಬೆಂಕಿ, ಆಮ್ಲಜನಕದ ಕೊರತೆ ಇವುಗಳ ಬಗ್ಗೆ ತರಬೇತಿ ಪಡೆದವರು. ಬೆಳಗಿನ ಜಾವ ಮೂರಕ್ಕೆ ಏಳುವುದು, ಯುಗಾದಿಗೆ ಗುವಾಹಟಿಯ ಹೋಟೆಲಿನಲ್ಲಿರುವುದು ಅವರಿಗೆ ಹೊಸದಲ್ಲ. ಸೇರುವ ಮೊದಲು ಬಾಂಡ್ ಎಷ್ಟು ಕಾಲದ್ದು, ಮುರಿದರೆ ಎಷ್ಟು ಕಟ್ಟಬೇಕು ಎಂಬುದನ್ನು ಮಾತ್ರ ಓದಿಯೇ ಸಹಿ ಹಾಕಿ.

ಎಎಂಇ: ಹ್ಯಾಂಗರಿನ ದಾರಿ

ವಿಮಾನ ನಿರ್ವಹಣಾ ಎಂಜಿನಿಯರ್ (ಎಎಂಇ) ಆಗಿ ಕೆಲಸ ಮಾಡಿ ಬಂದವರನ್ನು ಕಂಡರೆ ನನಗೆ ವಿಶೇಷ ಗೌರವ. ಹ್ಯಾಂಗರಿನ ಗೋಡೆಯ ಮೇಲೆ ಒಂದು ಬೋರ್ಡ್ ಇರುತ್ತದೆ. ಒಂದೊಂದು ಸ್ಪ್ಯಾನರ್‌ಗೂ, ಸ್ಕ್ರೂಡ್ರೈವರ್‌ಗೂ ಅದರದೇ ಆಕಾರದ ನೆರಳು ಬರೆದಿರುತ್ತದೆ. ಪಾಳಿ ಮುಗಿಯುವಾಗ ಆ ನೆರಳುಗಳೆಲ್ಲ ತುಂಬಿರಬೇಕು. ಒಂದು ಖಾಲಿ ಉಳಿದರೆ, ಅದು ಬೆರಳುದ್ದದ ಸ್ಕ್ರೂಡ್ರೈವರ್ ಆದರೂ, ವಿಮಾನ ಹೊರಗೆ ಹೋಗುವುದಿಲ್ಲ. ಎಂಜಿನ್ನಿನ ಮುಚ್ಚಳ ಮತ್ತೆ ಬಿಚ್ಚುತ್ತಾರೆ, ನೆಲ ಗುಡಿಸುತ್ತಾರೆ, ಎಲ್ಲರ ಜೇಬು ತಡಕುತ್ತಾರೆ. ಈ ಶಿಸ್ತಿನಲ್ಲಿ ಮೂರು ವರ್ಷ ಕಳೆದವರಿಗೆ ಹಾರಾಟಕ್ಕೆ ಮುನ್ನ ವಿಮಾನದ ಸುತ್ತ ಒಂದು ಸುತ್ತು ಬರುವುದು ಹೇಗೆಂದು ನಾನು ಕಲಿಸಬೇಕಾಗಿಲ್ಲ. ತಾಂತ್ರಿಕ ಪತ್ರಿಕೆಯನ್ನು ಅವರು ನಗುನಗುತ್ತಾ ಬರೆಯುತ್ತಾರೆ.

ತೊಂದರೆ ಎಂದರೆ ಇದು ಸ್ವತಃ ಒಂದು ದೀರ್ಘ ದಾರಿ. ಪಿಯುಸಿ ವಿಜ್ಞಾನದ ನಂತರ ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ಓದು, ಮಾಡ್ಯೂಲ್ ಪರೀಕ್ಷೆಗಳು, ಹ್ಯಾಂಗರಿನಲ್ಲಿ ಕೆಲಸದ ಅನುಭವ, ಆಮೇಲೆ ಲೈಸೆನ್ಸ್. ಯಾಂತ್ರಿಕ ವಿಭಾಗಕ್ಕೆ ಬಿ1 ಲೈಸೆನ್ಸ್, ಏವಿಯಾನಿಕ್ಸ್‌ಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳಿಗೆ, ಬಿ2. ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕುವ ಅಧಿಕಾರ ಬರುವವರೆಗೆ ಸಂಬಳ ತೆವಳುತ್ತದೆ, ಬಂದ ಮೇಲೆ ಚೆನ್ನಾಗಿ ಏರುತ್ತದೆ. ಅಂದರೆ ಬಿಟ್ಟು ಹೋಗುವ ಮನಸ್ಸಾಗದ ಹೊತ್ತಿಗೇ ಹಣ ಕೈಗೆ ಸಿಗತೊಡಗುತ್ತದೆ. ಬೆಂಗಳೂರು 1940ರಿಂದ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದಾಗಿನಿಂದ, ಈ ಕೈಕೆಲಸದ ಊರು. ಯಂತ್ರವೇ ನಿಮ್ಮ ಪ್ರೀತಿಯಾದರೆ ಇದನ್ನು ಮೆಟ್ಟಿಲಾಗಿ ಬಳಸಬೇಡಿ, ಇಲ್ಲೇ ನೆಲೆಯಾಗಿ. ಎಟಿಸಿ, ಅಂದರೆ ವಾಯು ಸಂಚಾರ ನಿಯಂತ್ರಣದ ಬಗ್ಗೆಯೂ ನನ್ನ ಮಾತು ಇದೇ. ವಿಮಾನ ನಿಲ್ದಾಣ ಪ್ರಾಧಿಕಾರದ ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಗೆ ಭೌತಶಾಸ್ತ್ರ, ಗಣಿತದ ಬಿ.ಎಸ್ಸಿ ಅಥವಾ ಎಂಜಿನಿಯರಿಂಗ್ ಸಾಕು. ಸಿಕ್ಕಿತೆಂದರೆ ಅದು ಊರುಗೋಲಲ್ಲ, ಪೂರ್ತಿ ಬದುಕು.

ಬ್ಯಾಂಕು, ಐಟಿ, ಉಗುರು ಕತ್ತರಿ

ಅಮೆರಿಕದ ಬೆಸ್ಸಿ ಕೋಲ್ಮನ್ ಟೆಕ್ಸಸ್‌ನಲ್ಲಿ ಹತ್ತಿ ಬಿಡಿಸಿ ಬೆಳೆದವರು. ಷಿಕಾಗೋಗೆ ಬಂದು ಕ್ಷೌರದಂಗಡಿಯೊಂದರಲ್ಲಿ ಗಿರಾಕಿಗಳ ಉಗುರು ಕತ್ತರಿಸಿ ಒಪ್ಪ ಮಾಡುವ ಕೆಲಸ ಹಿಡಿದರು. ಮೊದಲ ಮಹಾಯುದ್ಧ ಮುಗಿಸಿ ಬಂದವರು ಹೇಳುತ್ತಿದ್ದ ಹಾರಾಟದ ಕಥೆ ಅವರ ಕಿವಿಗೆ ಬಿದ್ದದ್ದು ಆ ದಿನಗಳಲ್ಲೇ. ಕಪ್ಪು ಹೆಣ್ಣುಮಗಳೆಂದು ಅಮೆರಿಕದ ಶಾಲೆಗಳು ಸೇರಿಸಿಕೊಳ್ಳಲಿಲ್ಲ. ಆಕೆ ಫ್ರೆಂಚ್ ಕಲಿತು, ಹಣ ಹೊಂದಿಸಿಕೊಂಡು ಫ್ರಾನ್ಸಿಗೆ ಹೋಗಿ 1921ರ ಜೂನ್‌ನಲ್ಲಿ ಲೈಸೆನ್ಸ್ ಪಡೆದರು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ, ಮುಂದೆ ಹೆಸರಾಂತ ಪೈಲಟ್ ಆದ ಅಮೆಲಿಯಾ ಇಯರ್‌ಹಾರ್ಟ್ ಹಾರಾಟದ ಪಾಠಕ್ಕೆ ಸೇರಿದರು. ಫೀಸಿಗಾಗಿ ಟೆಲಿಫೋನ್ ಕಂಪನಿಯಲ್ಲಿ ದುಡಿದರು, ಫೋಟೋ ತೆಗೆದರು, ಟ್ರಕ್ ಓಡಿಸಿದರು. ಅದಕ್ಕೂ ಮೊದಲು ಟೊರಾಂಟೊದ ಸೈನಿಕ ಆಸ್ಪತ್ರೆಯಲ್ಲಿ ಗಾಯಾಳುಗಳ ಆರೈಕೆ ಮಾಡಿದ್ದರು. ಈ ಇಬ್ಬರ ಹಳೆಯ ಕೆಲಸಗಳಲ್ಲಿ ವಿಮಾನದ ವಾಸನೆಯೂ ಇರಲಿಲ್ಲ. ಆ ಕೆಲಸಗಳು ಕೊಟ್ಟದ್ದು ಕೈಯಲ್ಲಿ ಕಾಸು ಮತ್ತು ತಮ್ಮ ಕಾಲ ಮೇಲೆ ನಿಲ್ಲುವ ಧೈರ್ಯ.

ನಮ್ಮ ಕಾಲದ ಉಗುರು ಕತ್ತರಿ ಐಟಿ. ನನ್ನ ತರಗತಿಯ ಬಹುಪಾಲು ಬೆಂಚುಗಳನ್ನು ತುಂಬಿರುವವರು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯವರು. ತಿಂಗಳಿಗೆ 50 ಸಾವಿರ ಉಳಿಸಿದರೆ ಐದು ವರ್ಷಕ್ಕೆ 30 ಲಕ್ಷ. ಶನಿವಾರ, ಭಾನುವಾರ ರಜೆ. ಸಾಲ ಕೇಳಲು ಹೋದರೆ ಸಂಬಳದ ಚೀಟಿಗೆ ಬ್ಯಾಂಕು ಬೆಲೆ ಕೊಡುತ್ತದೆ. ವಿಮಾನದ ಗಂಧಗಾಳಿ ಇಲ್ಲದ ಈ ಕೆಲಸವೇ ಹೆಚ್ಚು ಜನರನ್ನು ಕಾಕ್‌ಪಿಟ್‌ಗೆ ದಾಟಿಸಿದ್ದನ್ನು ನಾನು ನೋಡಿದ್ದೇನೆ.

ಆದರೂ ಎರಡು ಅಪಾಯ. ಮೊದಲನೆಯದು ಕಂತಿನ ಬಲೆ. ಕಾರು ಬರುತ್ತದೆ, ಫ್ಲ್ಯಾಟ್ ಬರುತ್ತದೆ, 28 ತುಂಬುವಾಗ ಕೆಲಸ ಬಿಡುವ ಸ್ವಾತಂತ್ರ್ಯವೇ ಉಳಿದಿರುವುದಿಲ್ಲ. ಡಿಜಿಸಿಎ ಲೈಸೆನ್ಸಿಗೆ ಮೇಲಿನ ವಯೋಮಿತಿ ಇಟ್ಟಿಲ್ಲ, ಆದರೆ ಹೊಸ ಪೈಲಟ್‌ಗಳನ್ನು ತೆಗೆದುಕೊಳ್ಳುವ ಸಂಸ್ಥೆಗಳು ಇಡುತ್ತವೆ. ಮೂವತ್ತರ ಆಚೆಗೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಎರಡನೆಯದು ದೇಹ. ದಿನಕ್ಕೆ ಹತ್ತು ಗಂಟೆ ಕುರ್ಚಿ, ಮಧ್ಯರಾತ್ರಿಯ ಬಿರಿಯಾನಿ, ನಡಿಗೆ ಇಲ್ಲ. ರಕ್ತದೊತ್ತಡ, ಸಕ್ಕರೆ, ಇಸಿಜಿ ಎಲ್ಲವನ್ನೂ ವೈದ್ಯರು ನೋಡುವ ದಿನ ಇದು ಲೆಕ್ಕಕ್ಕೆ ಬರುತ್ತದೆ. ನನ್ನಲ್ಲಿಗೆ ಬರುವ ಐಟಿಯವರಿಗೆ ನ್ಯಾವಿಗೇಶನ್ ಪುಸ್ತಕಕ್ಕಿಂತ ಮೊದಲು ನಾನು ಹೇಳುವುದು ಬೆಳಗಿನ ನಡಿಗೆ.

ಬ್ಯಾಂಕ್ ಗುಮಾಸ್ತಿಕೆಯಲ್ಲಿ ಹಣ ಸ್ವಲ್ಪ ಕಡಿಮೆ, ಹೊತ್ತು ಖಚಿತ. ಸಂಜೆ ಆರೂವರೆಗೆ ಮನೆ ಸೇರಿ ಏಳಕ್ಕೆ ಪುಸ್ತಕ ತೆರೆಯುವವರಿಗೆ ಒಂದೇ ವರ್ಷದಲ್ಲಿ ಎಲ್ಲ ಪತ್ರಿಕೆ ಮುಗಿಯುತ್ತವೆ. ತುಮಕೂರಿನ ಹುಡುಗ ಮಾಡಿದ್ದು ಅಷ್ಟೇ. ಊರಿನಲ್ಲೇ ಇದ್ದುದರಿಂದ ಬಾಡಿಗೆಯೂ ಇರಲಿಲ್ಲ. ತಂದೆಯ ತೆಂಗಿನ ತೋಟ ಅಡಮಾನಕ್ಕೆ ಬಂತಾದರೂ ಸಾಲ ಅರ್ಧಕ್ಕಿಂತ ಕಡಿಮೆ. ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ ಕಲಿಸುವವರಿಗೆ ಓದು ಸುಲಭ, ಉಳಿತಾಯ ಕಷ್ಟ. ಖಾಸಗಿ ಕಾಲೇಜಾದರೆ ಇನ್ನೂ ಕಷ್ಟ.

ಹಡಗಿನಿಂದ ಬಂದವರು

ಇದು ಕರಾವಳಿಯವರಿಗೆ ಪರಿಚಿತ, ಒಳನಾಡಿನವರಿಗೆ ಹೊಳೆಯದ ದಾರಿ. ಮರ್ಚೆಂಟ್ ನೇವಿಯ, ಅಂದರೆ ವಾಣಿಜ್ಯ ಹಡಗುಗಳ, ದಾರಿ ನೋಡಿಕೊಳ್ಳುವ ಡೆಕ್ ಅಧಿಕಾರಿಗಳು ನನ್ನ ತರಗತಿಗೆ ಬಂದರೆ ನ್ಯಾವಿಗೇಶನ್ ಪಾಠ ಅವರಿಗೆ ಪುನರಾವರ್ತನೆ. ನಾಟಿಕಲ್ ಮೈಲು, ಅಂದರೆ 1852 ಮೀಟರ್, ಸಮುದ್ರದಿಂದಲೇ ಆಕಾಶಕ್ಕೆ ಏರಿದ್ದು. ವೇಗಕ್ಕೆ ನಾಟ್, ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಇವೂ ಹಡಗಿನವೇ. ಭೂಮಿಯ ಉಬ್ಬಿನ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ನಕ್ಷೆಯಲ್ಲಿ ಏಕೆ ಬಾಗಿ ಕಾಣುತ್ತದೆ ಎಂಬುದನ್ನು ಉಳಿದವರಿಗೆ ಬಿಡಿಸಿ ಹೇಳಲು ನನಗೆ ಎರಡು ವಾರ ಬೇಕು. ಹಡಗಿನವರು ಅದನ್ನು ಕಾವಲು ಹೊತ್ತಿನಲ್ಲಿ ಕೈಯಾರೆ ಗೀಚಿದವರು. ಒಬ್ಬ ಉಳ್ಳಾಲದ ಹುಡುಗನಂತೂ ಮೋಡ ನೋಡಿ ಮಳೆಯ ಹೊತ್ತು ಹೇಳುತ್ತಿದ್ದ.

ಸಂಬಳ ಡಾಲರಿನಲ್ಲಿ, ಹಡಗಿನ ಮೇಲೆ ಖರ್ಚಿಲ್ಲ, ಒಂದು ಒಪ್ಪಂದ ಮುಗಿಸಿ ಬಂದರೆ ತಿಂಗಳುಗಟ್ಟಲೆ ರಜೆ. ಆ ರಜೆಯಲ್ಲಿ ಎರಡೆರಡು ಪತ್ರಿಕೆ ಮುಗಿಸಬಹುದು. ಆದರೆ ಅಧಿಕಾರಿಯಾಗಲು ಮೊದಲ ಮೂರು ವರ್ಷವಾದರೂ ಕೆಡೆಟ್ ಬದುಕು, ತಿಂಗಳುಗಳ ಒಂಟಿತನ. ಹಡಗಿನ ಕೋರ್ಸ್ ಸೇರಿಸುತ್ತೇವೆಂದು ಲಕ್ಷಗಟ್ಟಲೆ ಪೀಕುವ ದಲ್ಲಾಳಿಗಳ ಕಾಟವೂ ಉಂಟು. ಈಗಾಗಲೇ ಹಡಗಿನಲ್ಲಿರುವವರು ಧೈರ್ಯವಾಗಿ ಇತ್ತ ಬರಲಿ ಎನ್ನುತ್ತೇನೆ. ಪೈಲಟ್ ಆಗುವುದಕ್ಕೆಂದೇ ಹೊಸದಾಗಿ ಹಡಗು ಹತ್ತುವುದು ಸುತ್ತು ದಾರಿ.

ವಾಯುಪಡೆ

ಇದನ್ನು “ಮೊದಲಿನ ಕೆಲಸ” ಎಂದು ಕರೆಯಲು ನನಗೆ ಸಂಕೋಚ. ಆದರೂ ಕೇಳುವವರು ಬಹಳ. ಬಿಡಿಗಾಸು ಖರ್ಚಿಲ್ಲದೆ ಹಾರಲು ಕಲಿಸುವ ಜಾಗ ಅದು. ಪಿಯುಸಿ ಹಂತದಲ್ಲಿ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ, ಪದವಿಯ ಮೇಲೆ ಎಎಫ್‌ಕ್ಯಾಟ್ ಎಂಬ ವಾಯುಪಡೆಯ ಪ್ರವೇಶ ಪರೀಕ್ಷೆ. ಎಎಫ್‌ಕ್ಯಾಟ್ ಮೂಲಕ ಹಾರಾಟದ ವಿಭಾಗಕ್ಕೆ ವಯಸ್ಸು 20ರಿಂದ 24. ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಪೈಲಟ್ ಸಾಮರ್ಥ್ಯದ ಯಂತ್ರಪರೀಕ್ಷೆಗೆ ಕೂರಲು ಜೀವಮಾನದಲ್ಲಿ ಒಂದೇ ಅವಕಾಶ, ಆದ್ದರಿಂದ ನಿದ್ದೆಗೆಟ್ಟು ಹೋಗಿ ಕೂರಬೇಡಿ. ಆಯ್ಕೆಯಾದವರು ಮುಂದೆ ಬೀದರಿನಲ್ಲಿ ಹಾಕ್ ಎಂಬ ಜೆಟ್ ತರಬೇತಿ ವಿಮಾನವನ್ನೋ, ಯಲಹಂಕದಲ್ಲಿ ಸಾಗಣೆ ವಿಮಾನವನ್ನೋ ಕಲಿಯಬಹುದು. ಶಾರ್ಟ್ ಸರ್ವಿಸ್ (ನಿಗದಿತ ಕಾಲದ ಸೇವೆ) ಹಾರಾಟ ವಿಭಾಗದ ಅವಧಿ 14 ವರ್ಷ. ಅದನ್ನು ಮುಗಿಸಿ ಬಂದವರಿಗೆ ನಾಗರಿಕ ಲೈಸೆನ್ಸಿನ ಪರೀಕ್ಷೆಗಳು ಉಳಿದಿರುತ್ತವೆ, ಗಂಟೆಗಳ ಚಿಂತೆ ಇರುವುದಿಲ್ಲ.

ಆದರೆ ಏರ್‌ಲೈನ್ ಸಂಬಳಕ್ಕೆ ಮೆಟ್ಟಿಲೆಂದು ಲೆಕ್ಕ ಹಾಕಿ ಸಮವಸ್ತ್ರ ತೊಡಬೇಡಿ. ದೇಶ ಕರೆದಾಗ ಹೋಗಬೇಕಾದ ಕೆಲಸ ಅದು. ಮನಸ್ಸು ಪೂರ್ತಿ ಇದ್ದರೆ ಮಾತ್ರ.

ಸ್ವಂತ ಅಂಗಡಿ, ಸ್ವಂತ ಹೊಲ

ರೈಟ್ ಸಹೋದರರು ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರೆಂಬುದು ಎಲ್ಲರಿಗೂ ಗೊತ್ತು. ಆ ಅಂಗಡಿ ಏನೇನು ಕೊಟ್ಟಿತು ಎಂದು ನೋಡಿದರೆ ಮಾತ್ರ ಈ ಹೋಲಿಕೆಗೆ ಉಪಯೋಗ. ಪ್ರಯೋಗಕ್ಕೆ ಹಣ ಅಂಗಡಿಯ ಲಾಭದಿಂದ ಬಂತು. ರೆಕ್ಕೆಯ ಆಕಾರಗಳನ್ನು ಹೋಲಿಸಲು 1901ರಲ್ಲಿ ಸೈಕಲ್ಲಿನ ಮುಂದೆ ಒಂದು ಚಕ್ರವನ್ನು ಅಡ್ಡಲಾಗಿ ಕಟ್ಟಿ ತುಳಿದರು. 1903ರ ವಿಮಾನದ ಎಂಜಿನ್ ತಯಾರಿಸಿದ್ದು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಪ್ರೊಪೆಲ್ಲರ್ ತಿರುಗಿಸಿದ್ದು ಸೈಕಲ್ಲಿನಂಥದೇ ಸರಪಳಿ. ಎಲ್ಲಕ್ಕಿಂತ ದೊಡ್ಡದು, ಸವಾರ ಕ್ಷಣಕ್ಷಣವೂ ಸರಿದೂಗಿಸುತ್ತಾ ಹೋದರೆ ಮಾತ್ರ ಬೀಳದ ವಾಹನ ಸೈಕಲ್ ಎಂಬ ಅರಿವು. ಹಾರುವ ಯಂತ್ರವೂ ಹಾಗೆಯೇ ಇರಬೇಕೆಂದು ಅವರಿಗೆ ಹೊಳೆಯಿತು.

ನಮ್ಮವರೇ ಆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ದಾರಿ ಇನ್ನೂ ವಿಚಿತ್ರ. ಹಾಸನ ಜಿಲ್ಲೆಯ ಗೊರೂರಿನವರು, ಸೈನ್ಯದಲ್ಲಿದ್ದು 1971ರ ಯುದ್ಧ ಕಂಡವರು. ಹೆಸರಿನ ಹಿಂದಿನ ಕ್ಯಾಪ್ಟನ್ ಸೈನ್ಯದ್ದೇ ಹೊರತು ಏರ್‌ಲೈನಿನದಲ್ಲ. ಇಪ್ಪತ್ತೆಂಟರ ವಯಸ್ಸಿಗೆ ಸೈನ್ಯ ಬಿಟ್ಟು ಜಾವಗಲ್ ಬಳಿ ಬಂಜರು ನೆಲದಲ್ಲಿ ಕೃಷಿಗೆ ಇಳಿದರು. ತೆಂಗು, ರೇಷ್ಮೆ, ಜೊತೆಗೆ ಮೋಟಾರ್ ಸೈಕಲ್ ಮಾರಾಟ, ಹೋಟೆಲು. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 1997ರಲ್ಲಿ ಹೆಲಿಕಾಪ್ಟರ್ ಸೇವೆ. 2003ರ ಆಗಸ್ಟ್‌ನಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿಯ ನಡುವೆ ಏರ್ ಡೆಕ್ಕನ್ ಹಾರಿತು, ಕಡಿಮೆ ದರದ ಟಿಕೆಟ್ ಈ ದೇಶಕ್ಕೆ ಬಂತು. ವ್ಯಾಪಾರ, ವ್ಯವಸಾಯ ಮಾಡಿದವರಿಗೆ ವಿಮಾನಯಾನದಲ್ಲಿ ಜಾಗವೇ ಇಲ್ಲವೆಂದು ನನ್ನೆದುರು ಹೇಳುವವರಿಗೆ ನಾನು ಹುಬ್ಬಳ್ಳಿಯ ಆ ವಿಮಾನವನ್ನು ನೆನಪಿಸುತ್ತೇನೆ. ಹಾರಿಸಬೇಕೆಂಬ ಆಸೆಯ ಜೊತೆಗೆ ನಡೆಸಬೇಕೆಂಬ ಆಸೆಯೂ ನಿಮಗಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆ ಒಳ್ಳೆಯ ಶಾಲೆ. ಬರೀ ಹಾರಾಟದ ಫೀಸಿಗೆಂದು ವ್ಯಾಪಾರ ಶುರು ಮಾಡುವುದು ಬೇಡ. ಬಂಡವಾಳವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ, ವಯಸ್ಸೂ.

ನಿಮ್ಮ ಜಾಗದಲ್ಲಿ ನಾನಿದ್ದರೆ

ವಯಸ್ಸು 18-19, ಅಂಕ ಚೆನ್ನಾಗಿದೆ, ಹಣವಿಲ್ಲ ಎಂದರೆ ಮೊದಲು ಎನ್‌ಡಿಎ, ಆಮೇಲೆ ಫುರ್ಸತ್‌ಗಂಜ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯ ಪ್ರವೇಶ ಪರೀಕ್ಷೆ, ಅದರ ಜೊತೆಗೇ ಒಂದು ಪದವಿ. ಎಂಜಿನಿಯರಿಂಗ್ ಮುಗಿಸಿ 23 ಆಗಿದ್ದರೆ ಐಟಿ ಕೆಲಸ ಹಿಡಿದು, ಕಾರು ಕೊಳ್ಳದೆ, ನಾಲ್ಕೈದು ವರ್ಷದೊಳಗೆ ಪತ್ರಿಕೆ ಮುಗಿಸಿ 28ಕ್ಕೆ ಹಾರಲು ಹೋಗುತ್ತಿದ್ದೆ. ಪದವಿ ಇಲ್ಲ, ಮಾತು ಚುರುಕು, ಜನರ ನಡುವೆ ಇರುವುದು ಇಷ್ಟ ಎಂದರೆ ಕ್ಯಾಬಿನ್ ಕ್ರೂ. ಮದುವೆಯಾಗಿ ಮಗುವಿದ್ದು 32 ದಾಟಿದ್ದರೆ, ಕೆಲಸ ಬಿಡುವ ಮೊದಲು ಹೆಂಡತಿ ಅಥವಾ ಗಂಡನ ಜೊತೆ ಕೂತು ಆ 69 ಸಾವಿರದ ಲೆಕ್ಕವನ್ನು ಒಟ್ಟಿಗೆ ಮಾಡಿ. ಆಗದೆಂದು ತೋರಿದರೆ ಜಕ್ಕೂರಿನಲ್ಲೋ ಬೇರೆಲ್ಲೋ ಬರೀ ಸಂತೋಷಕ್ಕೆಂದು ಖಾಸಗಿ ಪೈಲಟ್ ಲೈಸೆನ್ಸ್ ಮಾಡಿಕೊಳ್ಳುವ ದಾರಿ ಇದ್ದೇ ಇದೆ. ಹಾರಾಟಕ್ಕೆ ಈಗ ಹೊರರಾಜ್ಯಕ್ಕೇ ಹೋಗಬೇಕೆಂದೂ ಇಲ್ಲ, ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಶಾಲೆಗಳು ಬಂದಿವೆ.

ಇವೆಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ. ಕೆಲಸ ಹುಡುಕುವುದಕ್ಕೂ ಮೊದಲು, ಒಂದು ರೂಪಾಯಿ ಫೀಸು ಕಟ್ಟುವುದಕ್ಕೂ ಮೊದಲು. ಮೊದಲು ಕ್ಲಾಸ್ 2 ಎಂಬ ತಪಾಸಣೆ, ಆಮೇಲೆ ಅದಕ್ಕಿಂತ ಕಟ್ಟುನಿಟ್ಟಾದ ಕ್ಲಾಸ್ 1. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದಕ್ಕೆ ಹೆಸರಾದ ಜಾಗ. ಕನ್ನಡಕ ಇದ್ದರೂ ಗಾಜು ಹಾಕಿದ ಮೇಲಿನ ದೃಷ್ಟಿ ಸರಿಯಿದ್ದರೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಮಾತ್ರ ಕಷ್ಟ. ಐದು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಮೇಲೆ ತನಗೆ ಈ ದೋಷವಿದೆಯೆಂದು ಗೊತ್ತಾದ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಕೂತು ಅತ್ತಿದ್ದಾಳೆ. ಆಕೆ ಈಗ ವಿಮಾನ ಸಂಸ್ಥೆಯೊಂದರಲ್ಲಿ ಪೈಲಟ್‌ಗಳಿಗೆ ಹವಾಮಾನ ಮತ್ತು ಹಾರಾಟದ ದಾರಿ ಸಿದ್ಧಮಾಡಿ ಕೊಡುವ ಡಿಸ್ಪ್ಯಾಚರ್, ನನ್ನ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಳು. ಆದರೂ ಆ ಐದು ವರ್ಷ ಅವಳಿಗೆ ಬೇರೆ ರೀತಿಯಲ್ಲಿ ಸಿಗಬೇಕಿತ್ತು.

ರ‍್ಯಾಂಪಿನ ಹುಡುಗ ಹೋದ ಚೈತ್ರದಲ್ಲಿ ವಿಮಾನ ನಿಲ್ದಾಣದ ಕೆಲಸ ಬಿಟ್ಟ. ಈಗ ಹಾಸನದಲ್ಲಿ ವಿಮೆ ಕಂಪನಿಯೊಂದರ ಕಚೇರಿಯಲ್ಲಿದ್ದಾನೆ, ಅಪ್ಪ ಅಮ್ಮನ ಜೊತೆಗೇ ಇದ್ದಾನೆ, ಸಂಜೆ ಆರಕ್ಕೆ ಬಿಡುವು. ಮೊನ್ನೆ ರಾತ್ರಿ ಫೋನ್ ಮಾಡಿ ಹವಾಮಾನಶಾಸ್ತ್ರದಲ್ಲಿ 82 ಬಂತು ಎಂದ. ಇನ್ನು ನ್ಯಾವಿಗೇಶನ್ ಒಂದು ಉಳಿದಿದೆ.